ಬೆಟ್ಟ ಬಿಟ್ಟೆವು, ಅಬ್ಬಿ ಬಂತು: ನನ್ನ ಅನುಭವ

2025ರ ಏಪ್ರಿಲ್ 20ರಂದು ಬೆಳಿಗ್ಗೆ ನಮ್ಮ ಮನೆ ಹಿಂದಿನ ಅಬ್ಬಿಗೆ, ಅಂದರೆ ಬೆಟ್ಟದ ಒರತೆಯ ನೀರು ಬಂದು ಬೀಳುವಲ್ಲಿ, ಕೊಡಪಾನ ಹಿಡಿದೆ. ಮೊಬೈಲಿನಲ್ಲಿ ಸಮಯ ನೋಡಿದೆ. ಒಂದು ನಿಮಿಷ ಹತ್ತು ಸೆಕೆಂಡಿಗೆ ತುಂಬಿತು. 2016ರಲ್ಲಿ ಇದೇ ಅಬ್ಬಿ ಫೆಬ್ರವರಿ 10ರ ಆಸುಪಾಸಿನಲ್ಲೇ ನಿಂತಿತ್ತು. ಆಗ ಕೊಡಪಾನ ಹಿಡಿಯುವ ಮಾತೇ ಇರಲಿಲ್ಲ, ಕಲ್ಲು ಒಣಗಿ ಪಾಚಿ ಪುಡಿಪುಡಿಯಾಗಿ ಉದುರುತ್ತಿತ್ತು.

ನಡುವೆ ಏನು ಮಾಡಿದಿರಿ ಅಂತ ಈಗ ಸುತ್ತಲಿನ ನಾಲ್ಕೈದು ಊರಿನವರು ಬಂದು ಕೇಳುತ್ತಿದ್ದಾರೆ. ಆಗ ಇದು ಆಗುವ ಕೆಲಸವಲ್ಲ ಅಂದವರೂ ಅವರಲ್ಲಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಶಿರಸಿ ಸೀಮೆ. ಹನ್ನೊಂದು ಮನೆಯ ಕೇರಿ. ಎಲ್ಲ ಸೇರಿ ಇಪ್ಪತ್ತೆರಡು ಎಕರೆ ಅಡಿಕೆ ತೋಟ, ಅದರ ನೆತ್ತಿ ಮೇಲೆ ಅರುವತ್ತು ಎಕರೆ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. 1964ರ ಭೂಕಂದಾಯ ಕಾಯ್ದೆಯೂ ಆ ಸವಲತ್ತನ್ನು ಉಳಿಸಿಕೊಟ್ಟಿದೆ. ಬೆಟ್ಟ ಅಂದರೆ ಕೊಟ್ಟಿಗೆಗೆ ಹಾಸಿ ತೋಟಕ್ಕೆ ಗೊಬ್ಬರ ಮಾಡಲು ಸೊಪ್ಪು, ದರಕು ತರುವ ಕಾಡು, ದರಕು ಅಂದರೆ ಉದುರಿದ ಒಣ ಎಲೆ. ತೋಟ ಇದ್ದವರಿಗೆಲ್ಲ ಗೊತ್ತಿರುವುದೇ.

ನಮ್ಮ ಬೆಟ್ಟದ ಸ್ಥಿತಿ ಮಾತ್ರ ಹೇಳಲೇಬೇಕು. ಮತ್ತಿ, ಕಿಂದಳ, ಹೊನ್ನೆ, ನೇರಳೆ ಎಲ್ಲ ಇದ್ದವು, ಆದರೆ ಕಂಬದ ಹಾಗೆ ನಿಂತಿದ್ದವು. ತುದಿವರೆಗೆ ಹತ್ತಿ ಕಡಿದು ಕಡಿದು ಮರಕ್ಕೆ ತಲೆಯೇ ಇರಲಿಲ್ಲ. ಕೊಡಿ, ಅಂದರೆ ಮರದ ತುದಿ, ಬಿಟ್ಟು ಕಡಿಯಬೇಕು ಅನ್ನುವ ಹಳೇ ಕ್ರಮ ನಮ್ಮ ಅಪ್ಪನ ತಲೆಮಾರಿಗೇ ತಪ್ಪಿತ್ತು. ಫೆಬ್ರವರಿ ಬಂತು ಅಂದರೆ ದರಕು ಗುಡಿಸಿ ತರುತ್ತಿದ್ದೆವು. ಹಿಡಿ ತಗೊಂಡು ಅಂಗಳ ಗುಡಿಸಿದ ಹಾಗೆ ಗುಡಿಸುತ್ತಿದ್ದೆವು. ಕೆಳಗೆ ಕೆಂಪು ಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಮಳೆ ಬಿದ್ದರೆ ಕೆಂಪು ನೀರು ತೋಟಕ್ಕೆ ನುಗ್ಗುತ್ತಿತ್ತು. ಖಾಲಿ ಬಿದ್ದ ಕಡೆ ಯುಪಟೋರಿಯಂ ಕಳೆ. ಪಕ್ಕದಲ್ಲಿ ಹತ್ತೆಕರೆ ಅಕೇಶಿಯಾ ನೆಡುತೋಪು, ಅದರ ಕೆಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲ.

1983ರಲ್ಲಿ ಸಾಲ್ಕಣಿ ಕಾಡಿನಲ್ಲಿ ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾದಾಗ ನಾನು ಕನ್ನಡ ಶಾಲೆ ಹುಡುಗ. ನಮ್ಮ ದೊಡ್ಡಪ್ಪ ಅಲ್ಲಿಗೆ ಹೋಗಿ ಮರ ಅಪ್ಪಿಕೊಂಡು ನಿಂತವರು. ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರ ಮಾತು ಕೇಳಿ ಬಂದು ರಾತ್ರಿಯೆಲ್ಲ ಮನೆಯಲ್ಲಿ ಅದನ್ನೇ ಹೇಳಿದ್ದು ನನಗೆ ನೆನಪಿದೆ. ಸರ್ಕಾರದ ಕಾಡು ಉಳಿಸಲು ಹೋದ ಊರು ನಮ್ಮದು. ನಮ್ಮ ಕೈಯಲ್ಲೇ ಇದ್ದ ಬೆಟ್ಟವನ್ನು ನಾವೇ ಬೋಳು ಮಾಡಿದ್ದೆವು. ಈ ಮಾತು ನನಗೆ ತುಂಬಾ ವರ್ಷ ಕೊರೆಯುತ್ತಿತ್ತು.

ಮೊದಲ ಪ್ರಯತ್ನ 2014ರಲ್ಲಿ. ನೀರಿಂಗಿಸುವುದು ಅಂದರೆ ಅಗಳ ತೆಗೆಯುವುದು ಅಂತ ತಿಳಿದಿದ್ದೆ. ಬೆಟ್ಟದ ಬುಡಕ್ಕೆ ತಾಗಿದ ನನ್ನ ಸ್ವಂತ ಹಕ್ಕಲಿನಲ್ಲಿ, ಅಂದರೆ ಸಾಗುವಳಿ ಇಲ್ಲದ ಕುರುಚಲು ಜಾಗದಲ್ಲಿ, ಜೆಸಿಬಿ ತರಿಸಿದೆ. ತಾಸಿಗೆ ಎಂಟುನೂರೋ ಒಂಬೈನೂರೋ ಇತ್ತು. ಇಪ್ಪತ್ತು ಇಪ್ಪತ್ತೆರಡು ತಾಸು ಕೆಲಸ. ಹತ್ತೊಂಬತ್ತು ಸಾವಿರ ಹೋಯಿತು. ಉದ್ದಕ್ಕೆ ಒಂದೇ ಅಗಳ, ಮೂರಡಿ ಆಳ, ನೋಡಲು ಬಹಳ ಚಂದ. ಜುಲೈ ಎರಡನೇ ವಾರ ಮೂರು ದಿನ ಬಿಡದೇ ಹೊಡೆಯಿತು. ಅಗಳದಲ್ಲಿ ನೀರು ಇಂಗಲಿಲ್ಲ, ಹರಿಯಿತು. ತಗ್ಗಿನ ತುದಿಗೆ ಹೋಗಿ ಸೇರಿ, ಅಲ್ಲಿ ಧರೆ ಒಡೆದು, ಅಷ್ಟೂ ಮಣ್ಣು ತೋಟಕ್ಕೆ ಬಂತು. ಐವತ್ತು ಅರುವತ್ತು ಅಡಿಕೆ ಮರದ ಬುಡಕ್ಕೆ ಎರಡಡಿ ಕೆಸರು. ಬಸಿಗಾಲುವೆ ಮುಚ್ಚಿಹೋಯಿತು. ಅದನ್ನು ಎತ್ತಿ ಹಾಕಲು ಮತ್ತೆ ಹದಿನಾಲ್ಕು ಸಾವಿರ. ಆ ವರ್ಷ ಅಡಿಕೆಗೆ ಕೊಳೆ ರೋಗವೂ ಜಾಸ್ತಿ ಬಂದಿತ್ತು. ಮನೆಯಲ್ಲಿ ಯಾರೂ ನನ್ನ ಹತ್ತಿರ ಬೆಟ್ಟದ ಸುದ್ದಿ ಎತ್ತುತ್ತಿರಲಿಲ್ಲ.

ಎರಡನೆಯದು 2015ರಲ್ಲಿ. ಬೆಟ್ಟದ ನೆತ್ತಿಯಲ್ಲಿ ಆರೇಳು ಎಕರೆ ಬೇಣ, ಅಂದರೆ ಹುಲ್ಲುಗಾವಲು, ಇದೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಅರ್ಧ ಅಡಿ ಮಣ್ಣು, ಮೇಲೆ ಕರಡ ಹುಲ್ಲು. ಖಾಲಿ ಬಿದ್ದಿದೆ, ಗಿಡ ಹಾಕಿದರೆ ಕಾಡಾಗುತ್ತದೆ ಅಂತ ನಾಲ್ಕುನೂರು ಸಸಿ ಹಾಕಿಸಿದೆ. ಸಸಿ ಸಸ್ಯಕ್ಷೇತ್ರದಿಂದ ಕಡಿಮೆಗೆ ಸಿಕ್ಕಿತು, ಆದರೆ ಹೊತ್ತು ಹತ್ತಿಸಲು, ಗುಂಡಿ ತೋಡಲು ಹನ್ನೆರಡು ಸಾವಿರದ ಮೇಲೆ ಆಯಿತು. ಮುಂದಿನ ಮಾರ್ಚಿಗೆ ಲೆಕ್ಕ ಹಾಕಿದಾಗ ಬದುಕಿದ್ದು ಹದಿನೇಳು. ಅದೂ ಬಂಡೆಯ ಸಂದಿಯಲ್ಲಿದ್ದವು.

ಆ ಬೇಣವೇ ನನಗೆ ಪಾಠ ಕಲಿಸಿದ್ದು. ಮುಂದಿನ ಮಳೆಗಾಲದಲ್ಲಿ ಕರಡ ಎದೆಯೆತ್ತರ ಬೆಳೆದಾಗ ಅಲ್ಲಿ ಹೋಗಿ ನಿಂತೆ. ಜಡಿಮಳೆ. ಬೋಳು ಬೆಟ್ಟದ ಕಡೆಯಿಂದ ಕೆಂಪು ನೀರು, ಬೇಣದಿಂದ ಇಳಿಯುವ ನೀರು ಕನ್ನಡಿಯಷ್ಟು ತಿಳಿ. ಅಂಗೈಯಲ್ಲಿ ಹಿಡಿದು ನೋಡಿದೆ. ಹುಲ್ಲಿನ ಬುಡಕ್ಕೆ ಕೈ ಹಾಕಿದರೆ ಬೇರು ಸ್ಪಂಜಿನ ಹಾಗೆ ನೆನೆದಿತ್ತು. ಮಳೆ ನಿಂತು ಅರ್ಧ ತಾಸಾದ ಮೇಲೂ ಒಂದೊಂದೇ ಹನಿ ಬಿಡುತ್ತಿತ್ತು. ಅದು ಖಾಲಿ ಜಾಗ ಅಲ್ಲ. ಅದು ತನ್ನ ಕೆಲಸ ಮಾಡುತ್ತಲೇ ಇತ್ತು, ನಾನು ಹೋಗಿ ಅದರ ಎದೆಗೆ ನಾಲ್ಕುನೂರು ಗುಂಡಿ ತೋಡಿದ್ದೆ. ಅವತ್ತಿನಿಂದ ಬೇಣದಲ್ಲಿ ಒಂದು ಗಿಡ ನೆಟ್ಟಿಲ್ಲ. ಬೇಣ, ಹಕ್ಕಲು ಕಂಡಲ್ಲೆಲ್ಲ ಗಿಡ ನೆಡಲು ಹೊರಡುವ ಸಂಘ ಸಂಸ್ಥೆಗಳಿಗೂ ನನ್ನದು ಇದೇ ವಿನಂತಿ: ಬಯಲನ್ನು ಬಯಲಾಗಿಯೇ ಬಿಡಿ.

2016ರ ಬೇಸಿಗೆ ನೆನಪಿದೆ ಅಲ್ವಾ? ಮಲೆನಾಡಿನಲ್ಲೂ ಟ್ಯಾಂಕರ್ ಓಡಾಡಿದ ವರ್ಷ. ಬಾವಿ ತಳ ಕಂಡಿತು. ಮೂರು ಮನೆಯವರು ಬೋರ್‌ವೆಲ್ ಕೊರೆಸಲು ಹೊರಟರು. ಪಂಪು, ಪೈಪು ಸೇರಿ ಒಂದೂ ನಲವತ್ತು, ಒಂದೂವರೆ ಲಕ್ಷ ಅಂದಿದ್ದರು. ಆಗ ಕೇರಿಯವರನ್ನೆಲ್ಲ ನಮ್ಮ ಜಗುಲಿಗೆ ಕರೆದೆ. ಆ ದುಡ್ಡು ಆರು ತಿಂಗಳು ತಡೆಯಿರಿ, ಬೆಟ್ಟ ನನ್ನ ಕೈಗೆ ಮೂರು ವರ್ಷ ಬಿಡಿ ಅಂತ ಕೇಳಿದೆ.

ದೊಡ್ಡಪ್ಪ ಕವಳದ ತಟ್ಟೆ ಬದಿಗಿಟ್ಟು ಹೇಳಿದರು, "ತಮಾ, ಬೆಟ್ಟಕ್ಕೆ ಬೀಗ ಹಾಕಿ ಕೊಟ್ಟಿಗೆಗೆ ಎಂತ ಹಾಕ್ತೆ? ಮೂರು ವರ್ಷಕ್ಕೆಲ್ಲ ನೀರು ಬತ್ತಿಲ್ಲೆ." ಮೂರು ವರ್ಷಕ್ಕೆಲ್ಲ ನೀರು ಬರುವುದಿಲ್ಲ ಅಂತ ಅವರ ಮಾತು.

ಅಪ್ಪಿಕೋಗೆ ಹೋದವರ ಬಾಯಲ್ಲಿ ಆ ಮಾತು ಬಂದಿದ್ದು ನನಗೆ ನೋವಾಯಿತು. ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಸೊಪ್ಪಿಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆಯಿಲ್ಲದೆ ಗೊಬ್ಬರ ಇಲ್ಲ. ಆ ಪ್ರಶ್ನೆಗೆ ಉತ್ತರ ಕೊಡದೆ ಬೆಟ್ಟ ಉಳಿಸಲು ಹೋದವರ್‍ಯಾರೂ ಗೆದ್ದಿಲ್ಲ.

ಮೂರು ಸಲ ಕೂತು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನೆತ್ತಿಯ ಬೇಣ ಮತ್ತು ಅದರ ಕೆಳಗಿನ ಹದಿನೈದು ಎಕರೆ ಯಾರೂ ಮುಟ್ಟುವ ಹಾಗಿಲ್ಲ, ದರಕನ್ನೂ ಗುಡಿಸುವ ಹಾಗಿಲ್ಲ. ಕರಡವನ್ನು ಮಾತ್ರ ನವೆಂಬರ್‌ನಲ್ಲಿ ಬೀಜ ಉದುರಿದ ಮೇಲೆ ಕೊಯ್ದು ದನ ಇದ್ದ ಮನೆಗೆ ಹಂಚುವುದು. ಉಳಿದ ಬೆಟ್ಟ ಮೂರು ಪಾಲು. ವರ್ಷಕ್ಕೆ ಒಂದೇ ಪಾಲಿನಲ್ಲಿ ಸೊಪ್ಪು, ಅದೂ ಮೇಲಿನ ಮೂರನೇ ಒಂದು ಭಾಗ ಕೊಡಿ ಬಿಟ್ಟು. ದರಕು ಗುಡಿಸುವುದು ಕೆಳಗಿನ ಪಾಲಿನಲ್ಲಿ ಮಾತ್ರ, ಕೈ ಪೊರಕೆಯಿಂದ, ನೆಲ ಕೆರೆಯದೆ. ಸಾಲದ್ದಕ್ಕೆ ಅಡಿಕೆ ಸೋಗೆ ಕತ್ತರಿಸಿ ಕೊಟ್ಟಿಗೆಗೆ ಹಾಕುವುದು. ಸೋಗೆ ಕತ್ತರಿಸುವ ಯಂತ್ರ ಸೇರಿ ತಂದೆವು, ಸೆಕೆಂಡ್ ಹ್ಯಾಂಡ್, ಇಪ್ಪತ್ತೆಂಟು ಸಾವಿರ. ಇಷ್ಟೂ ಒಪ್ಪಂದದಲ್ಲಿ ಅತಿ ಮುಖ್ಯವಾದದ್ದು ಈ ಯಂತ್ರ. ಅದಿಲ್ಲದಿದ್ದರೆ ಮೊದಲ ವರ್ಷವೇ ಎಲ್ಲ ಮುರಿದು ಬೀಳುತ್ತಿತ್ತು.

ಎರಡು ಮನೆಯವರು ಒಪ್ಪಲಿಲ್ಲ. ಅವರ ಪಾಲಿನ ಬೆಟ್ಟ ಅವರಿಗೇ ಬಿಟ್ಟೆವು. ಜಗಳ ಮಾಡಲಿಲ್ಲ. ಅವರಲ್ಲಿ ಒಬ್ಬರು 2019ರಲ್ಲಿ, ಇನ್ನೊಬ್ಬರು 2022ರಲ್ಲಿ ತಾವಾಗಿಯೇ ಸೇರಿದರು.

ದನದ್ದೇ ದೊಡ್ಡ ತಲೆನೋವು. ತಂತಿ ಬೇಲಿ ಹಾಕುವಷ್ಟು ದುಡ್ಡಿರಲಿಲ್ಲ, ಕೇಳಿದರೆ ಮೂರು ಲಕ್ಷದ ಮೇಲೆ. ಬಿದಿರು ಮುಳ್ಳು ಮತ್ತು ಅಡಿಕೆ ದಬ್ಬೆಯಲ್ಲಿ ಬೇಲಿ ಕಟ್ಟಿದೆವು, ದಾರಿಯಿದ್ದಲ್ಲಿ ದಣಪೆ, ಅಂದರೆ ಗಳ ಸರಿಸಿ ದಾಟುವ ಬಾಗಿಲು. ವರ್ಷಕ್ಕೆ ಎರಡು ಸಲ ರಿಪೇರಿ. ನಮ್ಮ ಮಲೆನಾಡು ಗಿಡ್ಡ ತಳಿಯ ದನ ಬೇಲಿ ನೋಡಿ ಹೆದರುವ ಜಾತಿಯಲ್ಲ. ನಮ್ಮ ಮನೆಯದೇ ಒಂದು ಆಕಳು ದಣಪೆಯ ಗಳ ಕೊಂಬಿನಲ್ಲಿ ಜಾರಿಸುವುದು ಕಲಿತಿತ್ತು. ಬೇಲಿಯ ಗುಂಟ ಸೀಗೆ ಮತ್ತು ಗಜ್ಜುಗ ಹಬ್ಬಿಸಿದ ಮೇಲೆ, 2020ರ ಹೊತ್ತಿಗೆ, ನಿಜವಾದ ತಡೆ ಆಯಿತು. ಈಗ ಅದರೊಳಗೆ ಕೈ ಹಾಕಲೂ ಆಗುವುದಿಲ್ಲ.

ಇನ್ನು ಇಂಗುಗುಂಡಿ. ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳ. ಒಂದು ಗುಂಡಿ ತುಂಬಿದರೆ ಸಾವಿರ ಲೀಟರ್. ಅರಣ್ಯ ಇಲಾಖೆಯವರಿಗೆ ಹೇಳಿಯೇ ಮಾಡಿದ್ದು, ಗುದ್ದಲಿ ಪಿಕಾಸಿಯಲ್ಲೇ, ಬೆಟ್ಟಕ್ಕೆ ಯಂತ್ರ ಹತ್ತಿಸಲಿಲ್ಲ. ಎರಡು ಬೇಸಿಗೆಯಲ್ಲಿ ಇನ್ನೂರ ನಲವತ್ತು ಗುಂಡಿ. ಇಬ್ಬರು ಆಳು ದಿನಕ್ಕೆ ಮೂರು ತೆಗೆದರೆ ಹೆಚ್ಚು. ಆಗ ಸಂಬಳ ಮುನ್ನೂರೈವತ್ತರ ಹತ್ತಿರ. ಐವತ್ತೈದು ಸಾವಿರ ಹಿಡಿಯಿತು.

ಲೆಕ್ಕಕ್ಕೆ ಇನ್ನೊಂದು ಮಾತು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರ್. ನಮ್ಮಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಬೀಳುತ್ತದೆ. ಅಂದರೆ ಎಕರೆಗೆ ಒಂದು ಕೋಟಿ ಲೀಟರ್. ಅರುವತ್ತು ಎಕರೆಗೆ ಅರುವತ್ತು ಕೋಟಿ. ಇದರಲ್ಲಿ ಗುಂಡಿ ಹಿಡಿಯುವುದು ಎಷ್ಟು? ಮಳೆಗಾಲದಲ್ಲಿ ಅರುವತ್ತು ಸಲ ತುಂಬಿ ಬರಿದಾದರೂ ಒಂದೂವರೆ ಕೋಟಿಯ ಹತ್ತಿರ. ಉಳಿದದ್ದನ್ನು ಹಿಡಿಯಬೇಕಾದ್ದು ದರಕು, ಹುಲ್ಲು, ಬೇರು. ಗುಂಡಿ ಅಂದರೆ ಹೊಳೆಯಾಗಿ ಹರಿಯುವ ನೀರಿಗೆ ಒಂದು ತಡೆ, ಅಷ್ಟೇ. ಬರೀ ಗುಂಡಿ ತೋಡಿ ಫೋಟೋ ತೆಗೆಸಿಕೊಂಡವರ ಬೆಟ್ಟದಲ್ಲಿ ನೀರು ಬರಲಿಲ್ಲ ಅಂದರೆ ಕಾರಣ ಇದೇ. ನೆಲದ ಮೇಲೆ ಎರಡಿಂಚು ದರಕು ಉಳಿಯದೆ ಇನ್ನೂರಲ್ಲ, ಎರಡು ಸಾವಿರ ಗುಂಡಿ ತೋಡಿದರೂ ಅಷ್ಟೇ.

ಗುಂಡಿ ಎಲ್ಲಿ ತೆಗೆಯಬೇಕು ಅನ್ನುವುದರಲ್ಲಿ ನನಗೆ ಒಂದು ಹೆಮ್ಮೆ ಇದೆ. ನಾನು ಯಾವ ಮಾಪನವನ್ನೂ ಇಟ್ಟುಕೊಳ್ಳಲಿಲ್ಲ. ಜೂನ್ ಕೊನೆಯ ದೊಡ್ಡ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬೆಟ್ಟ ಹತ್ತಿದೆ. ಕಂಕುಳಲ್ಲಿ ಒಂದು ಹೊರೆ ಗೂಟ. ನೀರು ಎಲ್ಲಿ ಎರಡು ಎಳೆ ಸೇರಿ ಒಂದಾಗುತ್ತದೋ ಅಲ್ಲಿ ಅದರ ಹತ್ತು ಹೆಜ್ಜೆ ಮೇಲೆ ಒಂದು ಗೂಟ. ಸೇರಿದ ಮೇಲೆ ಹಿಡಿಯುವುದಲ್ಲ, ಸೇರುವ ಮೊದಲೇ ಹಿಡಿಯುವುದು. ಮೂರು ಮಳೆಗೆ ಅಷ್ಟೂ ಗೂಟ ಹೂತೆ. ಉಂಬಳ ಕಚ್ಚಿ ಕಾಲೆಲ್ಲ ರಕ್ತ. ಆದರೆ ಆ ಗುಂಡಿಗಳಲ್ಲಿ ಇವತ್ತಿಗೂ ಒಂದು ಒಡೆದಿಲ್ಲ. ಗೂಟದ ಜಾಗ ನೋಡಿದ ಮೇಲೆ ಇನ್ನೊಂದು ಗುರುತು ಹಿಡಿದು ಗುಂಡಿಯ ಆಳ ತೀರ್ಮಾನಿಸುತ್ತೇನೆ. ಅದು ಬರೆದು ತಿಳಿಸುವಂಥದ್ದಲ್ಲ. ಮಳೆಗಾಲದಲ್ಲಿ ಬಂದು ನನ್ನ ಜೊತೆ ಬೆಟ್ಟ ಹತ್ತಿದವರಿಗೆ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಕಡಿದಾದ ಧರೆಯಲ್ಲಿ, ಮನೆಯ ನೆತ್ತಿ ಮೇಲೆ ಗುಂಡಿ ಬೇಡವೇ ಬೇಡ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟಕ್ಕೆ ತೋಟವೇ ಹೋದದ್ದನ್ನು ನಾನು ಹೋಗಿ ನೋಡಿ ಬಂದಿದ್ದೇನೆ. ಬಂದ ಮರುದಿನವೇ ನಮ್ಮ ಬೆಟ್ಟದ ಪಶ್ಚಿಮದ ಇಳಿಜಾರಿನ ಹದಿನೆಂಟು ಗುಂಡಿ ಮುಚ್ಚಿಸಿದೆ. ಅಲ್ಲಿ ಈಗ ಬರೀ ಹುಲ್ಲು, ಲಾವಂಚ, ತನ್ನಿಂದ ತಾನೇ ಬಂದ ಗಿಡ.

ಗುಂಡಿಯಲ್ಲಿ ಹೂಳು ತುಂಬುತ್ತದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಎತ್ತಬೇಕು. ಮೊದಲೆರಡು ವರ್ಷ ಎತ್ತಲಿಲ್ಲ, ಅರ್ಧಕ್ಕರ್ಧ ಗುಂಡಿ ತುಂಬಿ ಹೋಗಿತ್ತು. ಆಮೇಲೆ ಆ ಹೂಳನ್ನು ಕಾಳುಮೆಣಸಿನ ಬಳ್ಳಿ ಬುಡಕ್ಕೆ ಹಾಕಿ ನೋಡಿದೆ. ದರಕು ಕೊಳೆತ ಕಪ್ಪು ಮಣ್ಣು. ಬಳ್ಳಿ ಹೇಗೆ ಚಿಗುರಿತು ಅಂದರೆ, ಮರುವರ್ಷ ಹೂಳಿಗೆ ಮನೆ ಮನೆಯವರು ಬುಟ್ಟಿ ಹಿಡಿದು ಬಂದರು. ಈಗ ಎತ್ತುವ ಕೂಲಿಯೇ ಇಲ್ಲ.

ಗಿಡ ನೆಟ್ಟದ್ದರಲ್ಲಿ ನಾನು ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ. ಒಟ್ಟು ಸಾವಿರದ ಇನ್ನೂರು ಸಸಿ ನೆಟ್ಟಿರಬಹುದು, ಇವತ್ತು ಇರುವುದು ಮುನ್ನೂರು. ಬೆಟ್ಟ ತುಂಬಿದ್ದು ನೆಟ್ಟ ಗಿಡದಿಂದಲ್ಲ. ಕಡಿದ ಬೊಡ್ಡೆಗಳು ಚಿಗುರಿದವು. ಒಂದು ಬೊಡ್ಡೆಯಲ್ಲಿ ಹತ್ತು ಚಿಗುರು ಬಂದರೆ ಎರಡು ಬಿಟ್ಟು ಉಳಿದದ್ದನ್ನು ಸವರಿ ಕೊಟ್ಟಿಗೆಗೆ ಹಾಕಿದೆವು. ಬೇರು ಹಳೆಯದು, ನೀರು ಗೊಬ್ಬರ ಕೇಳುವುದಿಲ್ಲ, ಮೂರು ವರ್ಷಕ್ಕೆ ಆಳೆತ್ತರ ದಾಟುತ್ತದೆ. ಇದಕ್ಕೆ ಖರ್ಚು ಒಂದು ಕತ್ತಿ, ಎರಡು ದಿನದ ಕೆಲಸ.

ಉಳಿದದ್ದನ್ನು ಹಕ್ಕಿ ನೆಟ್ಟಿತು. ನಮ್ಮ ಬೆಟ್ಟದ ನಡುವೆ ಒಂದು ದೊಡ್ಡ ಗೋಳಿ ಮರ ಇದೆ. 2018ರ ಜನವರಿಯಿಂದ ಅಲ್ಲಿಗೆ ಮಂಗಟ್ಟೆ ಬರಲು ಶುರುವಾಯಿತು. ರೆಕ್ಕೆ ಬಡಿದರೆ ಉಗಿಬಂಡಿಯ ಹಾಗೆ ಸದ್ದು. ಎರಡು ಮಳೆಗಾಲ ಕಳೆದ ಮೇಲೆ ಆ ಮರದ ಕೆಳಗೆ ಕೂತು ಸಸಿ ಎಣಿಸಿದೆ. ಧೂಪ, ರಾಮಪತ್ರೆ, ನೇರಳೆ, ದಾಲ್ಚಿನ್ನಿ. ಅರುವತ್ತಮೂರು ಸಸಿ, ಒಂದೇ ಮರದ ನೆರಳಲ್ಲಿ. ರಾಮಪತ್ರೆಯ ತಾಯಿಮರ ನಮ್ಮ ಬೆಟ್ಟದಲ್ಲಿ ಇಲ್ಲವೇ ಇಲ್ಲ. ಎರಡು ಮೈಲಿ ಆಚೆಯ ಕಾನುಕಾಡಿನಿಂದ ಬಂದಿರಬೇಕು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಇದರ ನಡುವೆ ಮಾಡಿದ ಬೇರೆ ಪ್ರಯೋಗಗಳದ್ದೂ ಹೇಳಬೇಕು. ಬೀಜದ ಉಂಡೆ ಮಾಡಿ ಶಾಲೆ ಮಕ್ಕಳ ಕೈಲಿ ಬೀರಿಸಿದೆವು, ಎರಡು ಸಾವಿರ ಉಂಡೆ. ಇಲಿ, ಹೆಗ್ಗಣ, ಕಾಡುಹಂದಿ ತಿಂದು ಮುಗಿಸಿದವು. ಹಲಸಿನ ಬೀಜದ್ದಂತೂ ಒಂದೂ ಉಳಿಯಲಿಲ್ಲ. ಮತ್ತೆ ಮಾಡಲಿಲ್ಲ.

ಉಪ್ಪಾಗೆಯದ್ದು, ಅಂದರೆ ಒಣಸಿಪ್ಪೆ ಮಾರುವ ಹುಳಿಹಣ್ಣಿನ ಮರದ್ದು, ಬೇರೆ ಕಥೆ. ಬೆಟ್ಟ ಉಳಿಯಬೇಕಾದರೆ ಬೆಟ್ಟದಿಂದ ನಾಲ್ಕು ಕಾಸು ಬರಬೇಕು ಅಂತ ಉಪ್ಪಾಗೆ ಹಿಡಿದೆ. ಬೀಜ ಹಾಕಿದರೆ ಆರೇಳು ತಿಂಗಳಾದರೂ ಮೊಳಕೆ ಇಲ್ಲ. ಸಿಪ್ಪೆ ಬಿಡಿಸಿ ಹಾಕಿದರೆ ಬೇಗ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಬಿಡಿಸಿದ ಮೇಲೆ ಯಾವುದರಲ್ಲಿ ಒಂದು ರಾತ್ರಿ ನೆನೆಸುತ್ತೇನೆ ಅನ್ನುವುದು ನನ್ನ ಗುಟ್ಟು. ನೂರಕ್ಕೆ ಎಂಬತ್ತು ಮೊಳೆಯುತ್ತದೆ, ಈಗ ಸಸಿಯನ್ನೂ ಮಾರುತ್ತೇನೆ. ಆದರೆ ಬೀಜದ ಸಸಿಯಲ್ಲಿ ಗಂಡು ಗಿಡ ಎಷ್ಟು, ಹೆಣ್ಣು ಎಷ್ಟು ಅಂತ ಹೂವಾಗುವವರೆಗೆ ತಿಳಿಯದು. ನಾನು ಮೊದಲು ನೆಟ್ಟ ಮೂವತ್ತರಲ್ಲಿ ಹೂ ಬಿಟ್ಟವು ಇಲ್ಲಿಯವರೆಗೆ ಹನ್ನೆರಡು, ಅದರಲ್ಲಿ ಏಳು ಗಂಡು. ಕಡಿಯಲಿಲ್ಲ, ಜೇನಿಗೆ ಬೇಕು. ಹೊಸದಾಗಿ ಕಸಿ ಗಿಡವನ್ನೇ ಹಾಕುತ್ತಿದ್ದೇನೆ. ಅದರದೇ ಜಾತಿಯ ಮುರುಗಲಿಗೂ (ಕೋಕಂ) ಇದೇ ಮಾತು.

ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಒಣಗಿಸಲು ಕಟ್ಟಿಗೆ ಬೇಕು. ಹತ್ತು ಬುಟ್ಟಿ ಹಣ್ಣು ತಂದರೆ ಒಂದು ಬುಟ್ಟಿ ಒಣಸಿಪ್ಪೆ. ಅದಕ್ಕೆ ಸುಟ್ಟ ಕಟ್ಟಿಗೆ ನೋಡಿ ನನಗೆ ಗಾಬರಿಯಾಯಿತು. ಬೆಟ್ಟ ಉಳಿಸಲು ಹೋಗಿ ಬೆಟ್ಟವನ್ನೇ ಒಲೆಗೆ ಹಾಕಿದ ಹಾಗಾಗಿತ್ತು. ಹಳೇ ಅಡಿಕೆ ಬೇಯಿಸುವ ಒಲೆಯ ಮೇಲೆ ತಗಡಿನ ಪೆಟ್ಟಿಗೆ ಕೂರಿಸಿ, ಹೊಗೆಯನ್ನು ಪೈಪಿನಲ್ಲಿ ಎರಡು ಸುತ್ತು ಸುತ್ತಿಸಿ ಹೊರಗೆ ಬಿಟ್ಟೆ. ಅಡಿಕೆ ಸಿಪ್ಪೆ, ಸೋಗೆಯ ಹಾಳೆಯಲ್ಲೇ ಕೆಲಸ ಆಗುತ್ತದೆ. ಒಂಬತ್ತು ಸಾವಿರ ಖರ್ಚು. ಈಗ ಹಸಿ ಕಟ್ಟಿಗೆ ಒಂದು ತುಂಡೂ ಬೇಡ. ಮತ್ತೆ ಕಾಯಿಯಿದ್ದಾಗಲೇ ಟೊಂಗೆ ಕಡಿದು ಕೆಡಹುವುದಕ್ಕೆ ಕೇರಿಯಲ್ಲಿ ದಂಡ ಇಟ್ಟಿದ್ದೇವೆ, ಐದುನೂರು. ಇಲ್ಲಿಯವರೆಗೆ ಎರಡೇ ಸಲ ವಸೂಲಾಗಿದೆ. ಮೂರನೇ ಒಂದು ಭಾಗ ಹಣ್ಣು ಮರದಲ್ಲೇ, ಮಂಗನಿಗೆ ಹಕ್ಕಿಗೆ.

ಬೆಂಕಿಯ ಬಗ್ಗೆ ಸುಮ್ನೆ ಇರಲು ಆಗುವುದಿಲ್ಲ. ದರಕು ಗುಡಿಸದೆ ಬಿಟ್ಟರೆ ಬೆಂಕಿ ಭಯ ಹೆಚ್ಚು ಅಂತ ಎಲ್ಲರೂ ಹೇಳಿದ್ದರು. ನಿಜವೇ. 2018ರ ಮಾರ್ಚಿನಲ್ಲಿ ರಸ್ತೆ ಕಡೆಯಿಂದ ಯಾರೋ ಹೋಗುವವರು ಬಿಸಾಡಿದ ಬೀಡಿಯಿಂದ ಹತ್ತಿ ಎಂಟು ಎಕರೆ ಸುಟ್ಟಿತು. ಎರಡು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಯಿತು. ರಾತ್ರಿ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸಿದೆವು, ಹೆಂಗಸರೂ ಬಂದರು, ಒಪ್ಪಂದಕ್ಕೆ ಸೇರದ ಮನೆಯವರೂ ಬಂದರು. ಅವರಲ್ಲೊಬ್ಬರು ಮರುವರ್ಷ ಸೇರಿದ್ದಕ್ಕೆ ಆ ರಾತ್ರಿಯೇ ಕಾರಣ ಅಂತ ನನ್ನ ನಂಬಿಕೆ. ಆಮೇಲಿಂದ ಸಂಕ್ರಾಂತಿ ಮುಗಿದ ವಾರವೇ ಇಪ್ಪತ್ತು ಅಡಿ ಅಗಲಕ್ಕೆ ಬೆಂಕಿ ರೇಖೆ. ಆ ಪಟ್ಟಿಯ ದರಕು ಗುಡಿಸಿ ಕೊಟ್ಟಿಗೆಗೆ. ಮಾರ್ಚ್, ಏಪ್ರಿಲ್ ಎರಡು ತಿಂಗಳು ಪಾಳಿಯ ಮೇಲೆ ಕಾವಲು.

ಉಣ್ಣಿಯದ್ದೂ ಇದೆ. ಬೆಟ್ಟ ದಟ್ಟವಾದರೆ ಉಣ್ಣಿ ಕಚ್ಚಿ ಮಂಗನ ಕಾಯಿಲೆ ಬರುತ್ತದೆ ಅಂತ ಹೆದರುವವರಿಗೆ ನಾನು ಎದುರು ಮಾತಾಡುವುದಿಲ್ಲ. 2024ರ ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಎಷ್ಟು ಮನೆಯವರು ನರಳಿದರು, ನೋಡಿದ್ದೇವೆ. ನಮ್ಮ ಕೇರಿಯಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಉಣ್ಣಿ ತಡೆಯುವ ಎಣ್ಣೆ ಹಚ್ಚದೆ ಯಾರೂ ಬೆಟ್ಟಕ್ಕೆ ಹೋಗುವಂತಿಲ್ಲ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ಸುದ್ದಿ.

ದೊಡ್ಡ ಪರೀಕ್ಷೆ ಬಂದಿದ್ದು 2020ರ ಕೊನೆಗೆ. ಒರತೆಯ ನೆತ್ತಿಯಲ್ಲಿ ನಮ್ಮ ಒಬ್ಬ ಭಾವನ ಮೂರು ಎಕರೆ ಮಾಲ್ಕಿ ಹಕ್ಕಲು. ಪೇಟೆಯ ಒಬ್ಬರು ರೆಸಾರ್ಟ್ ಮಾಡಲು ಕೇಳಿಕೊಂಡು ಬಂದರು. ಎಕರೆಗೆ ಹದಿನೈದು ಲಕ್ಷ. ಭಾವನಿಗೆ ಮಗಳ ಓದಿನ ಸಾಲ ಇತ್ತು. ನಾವು ಹನ್ನೊಂದು ಮನೆ ಸೇರಿದರೂ ಅದರ ಹತ್ತನೇ ಒಂದು ಪಾಲು ಕೊಡಲಾರೆವು. ಮಾರಬೇಡ ಅನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಒಂದು ಸಂಜೆ ಅವರನ್ನು ಅಬ್ಬಿಯ ಹತ್ತಿರ ಕರೆದುಕೊಂಡು ಹೋದೆ. ಐದು ವರ್ಷದ ನನ್ನ ನೋಟ್‌ಬುಕ್ ತೋರಿಸಿದೆ, ಯಾವ ದಿನ ಕೊಡಪಾನ ಎಷ್ಟು ಹೊತ್ತಿಗೆ ತುಂಬಿತು ಅಂತ. ಹಕ್ಕಲಿನ ಹುಲ್ಲು, ಜೇನು, ಉಪ್ಪಾಗೆಯ ಹಕ್ಕಿಗೆ ಕೇರಿಯಿಂದ ವರ್ಷಕ್ಕೆ ಹದಿನೆಂಟು ಸಾವಿರ ಕೊಡುತ್ತೇವೆ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಆ ಪೇಟೆಯವರಿಗೆ ಫೋನ್ ಮಾಡಿ ಬೇಡ ಅಂದರಂತೆ. ನನಗೆ ಹೇಳಿದ್ದು ಭಾವ ಅಲ್ಲ, ಅಕ್ಕ. ಇವತ್ತು ಹನ್ನೊಂದು ಮನೆ ಕುಡಿಯುತ್ತಿರುವ ನೀರಿಗೆ ಮೊದಲ ಋಣ ಭಾವನದ್ದು.

ಒಟ್ಟು ದುಡ್ಡಿನ ಲೆಕ್ಕ ಕೇಳುತ್ತಾರೆ. ನನ್ನ ಜೆಸಿಬಿಯ ದಂಡ, ಬೇಣದ ಸಸಿ ಬಿಟ್ಟು, ಒಂಬತ್ತು ವರ್ಷದಲ್ಲಿ ಕೇರಿಯಿಂದ ಖರ್ಚಾಗಿದ್ದು ಎರಡೂಮುಕ್ಕಾಲು ಲಕ್ಷದ ಆಸುಪಾಸು. ಗುಂಡಿ, ಯಂತ್ರ, ಬೇಲಿ, ಕಾವಲು, ಭಾವನ ಹಕ್ಕಲಿನದು ಎಲ್ಲ ಸೇರಿ. ಮನೆಗೆ ಇಪ್ಪತ್ತೈದು ಸಾವಿರ. ಎರಡು ಬೋರ್‌ವೆಲ್ಲಿನ ದುಡ್ಡು. ಉಪ್ಪಾಗೆ, ಮುರುಗಲು, ಜೇನಿನಿಂದ ಈಗ ವರ್ಷಕ್ಕೆ ಕೇರಿಗೆ ಮೂವತ್ತೈದು ನಲವತ್ತು ಸಾವಿರ ಬರುತ್ತದೆ, ದರದ ಮೇಲೆ ಹೆಚ್ಚುಕಡಿಮೆ. ನಾಲ್ಕು ಮನೆಯವರು ಮಾರ್ಚಿನವರೆಗೆ ಪಂಪು ಹಾಕುವುದೇ ಇಲ್ಲ. ತೋಟಕ್ಕೆ ಹೊರಗಿನಿಂದ ಗೊಬ್ಬರ ತರಿಸುವುದು ಅರ್ಧಕ್ಕೆ ಇಳಿದಿದೆ. ಅಡಿಕೆಯ ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂದಿದೆ, ಬೆಟ್ಟ ಉಳಿಸಿದ್ದಕ್ಕೆ ಅದೇನೂ ಬಿಟ್ಟು ಹೋಗಿಲ್ಲ. ಅದನ್ನೂ ಹೇಳಬೇಕು.

ಅಬ್ಬಿಯ ಲೆಕ್ಕ ಹೀಗೆ. 2018ರಲ್ಲಿ ಮಾರ್ಚ್ ಮೊದಲ ವಾರ ನಿಂತಿತು. ಆ ವರ್ಷ ಬೆಂಕಿಯ ಬೇಸರದ ಜೊತೆ ಇದೂ ಸೇರಿ, ದೊಡ್ಡಪ್ಪನ ಮಾತೇ ಸರಿಯೇನೋ ಅನಿಸಿತ್ತು. 2019ರಲ್ಲಿ ಮಾರ್ಚ್ ಕೊನೆ. 2021ರಲ್ಲಿ ಏಪ್ರಿಲ್ ಎರಡನೇ ವಾರ. 2023ರಲ್ಲಿ ಮಳೆಯೇ ಕೈಕೊಟ್ಟಿತ್ತಲ್ಲ, ಮರುವರ್ಷದ ಬೇಸಿಗೆಯಲ್ಲಿ ಪಕ್ಕದ ಕೇರಿಗಳ ಅಬ್ಬಿ ಫೆಬ್ರವರಿಗೇ ನಿಂತವು, ನಮ್ಮದು ಏಪ್ರಿಲ್ 5ರವರೆಗೆ ಬಂತು. ನಾನು ನಿಜವಾಗಿ ನಂಬಿದ್ದು ಆ ವರ್ಷ. 2025ರಲ್ಲಿ ಮೇ ಮಧ್ಯಕ್ಕೆ ನೂಲಿನಷ್ಟು ಸಣ್ಣಗಾಯಿತು, ಆದರೆ ಕಡಿಯಲಿಲ್ಲ. ಮೇ ಕೊನೆಗೇ ಮಳೆ ಹಿಡಿಯಿತು.

ಮಳೆ ಹಿಡಿಯುವ ಹದಿನೈದು ದಿನ ಮೊದಲು ದೊಡ್ಡಪ್ಪ ಕೋಲೂರಿಕೊಂಡು ಅಬ್ಬಿಯ ಹತ್ತಿರ ಬಂದಿದ್ದರು. ಎಂಬತ್ತಾರು ವರ್ಷ ಅವರಿಗೆ. ಕಲ್ಲಿನ ಮೇಲೆ ಕೂತು, ಕೈಯೊಡ್ಡಿ ನೀರು ಕುಡಿದರು. ನೀರು ಬರುತ್ತಿದ್ದುದು ಪ್ಲಾಸ್ಟಿಕ್ ಪೈಪಿನ ತುಂಡಿನಲ್ಲಿ. ಹಳೇ ಅಡಿಕೆ ದಂಬೆ ನೀರಿಲ್ಲದೆ ಒಣಗಿ, ಗೆದ್ದಲು ತಿಂದು, ಯಾವುದೋ ವರ್ಷ ಒಲೆಗೆ ಹೋಗಿತ್ತು.

"ಹೊಸ ದಂಬೆ ಹಾಕವು ತಮಾ," ಅಂದರು.

ಆ ವಾರವೇ ಗಾಳಿಗೆ ಬಿದ್ದ ಒಂದು ಹಳೇ ಅಡಿಕೆ ಮರ ಸೀಳಿ, ತಿರುಳು ಕೆತ್ತಿ ತೆಗೆದು, ದಂಬೆ ಮಾಡಿ ಹಾಕಿದ್ದೇನೆ. ಹದಿನಾಲ್ಕು ಅಡಿ ಉದ್ದ ಇದೆ.